ಮೂರು ವರ್ಷ ಲುಕರ್ ಸ್ಟುಡಿಯೋ ಬಳಸಿದ ಮೇಲೆ: ಡ್ಯಾಶ್‌ಬೋರ್ಡ್ ಶುರುವಾಗೋದೇ ಫಾರ್ಮಲ್ಲಿ

ಗೂಗಲ್ ಫಾರ್ಮ್ಸ್, ಶೀಟ್ಸ್, ಲುಕರ್ ಸ್ಟುಡಿಯೋ (ಡೇಟಾನ ಚಾರ್ಟ್‌ಗಳಾಗಿ ತೋರಿಸೋ ಗೂಗಲ್ ಟೂಲ್) ಈ ಮೂರನ್ನೂ ಒಂದಕ್ಕೊಂದು ಜೋಡಿಸಿ ಮೂರು ವರ್ಷದಿಂದ ಬಳಸ್ತಾ ಇದೀನಿ, ಒಂದು ಲೈನ್ ಕೋಡ್ ಬರೆದಿಲ್ಲ. ಈಗ ಬರೀತಿರೋದು ಯಾಕಂದ್ರೆ ಶುರು ಮಾಡೋವಾಗ ನಾನು ಹುಡುಕಿದ ವಿಡಿಯೋಗಳಲ್ಲೆಲ್ಲಾ ಹತ್ತು ನಿಮಿಷದಲ್ಲಿ ಡ್ಯಾಶ್‌ಬೋರ್ಡ್ (ಬೇಕಾದ ಚಾರ್ಟ್‌ಗಳೆಲ್ಲಾ ಒಟ್ಟಿಗೆ ಕಾಣೋ ಪುಟ) ರೆಡಿ ಅಂತ ತೋರಿಸ್ತಿದ್ರು. ರೆಡಿ ಆಗೋದೇನೋ ನಿಜ. ಆದ್ರೆ ಅದಾದ್ಮೇಲೆ ಆರು ತಿಂಗಳಿಗೆ ಏನಾಗತ್ತೆ ಅನ್ನೋದನ್ನ ಯಾರೂ ಹೇಳಿರಲಿಲ್ಲ.

ನಮ್ಮದು ಚಿಕ್ಕ ತಂಡ, ವಾರಾಂತ್ಯದಲ್ಲಿ ತರಬೇತಿ ತರಗತಿ ನಡೆಸ್ತೀವಿ, ಸೇರೋರು ವೆಬ್‌ಸೈಟಲ್ಲಿರೋ ಫಾರ್ಮ್ ತುಂಬ್ತಾರೆ. ಮೊದಲು ಪ್ರತಿ ಸೋಮವಾರ ಒಬ್ಬರು ಕೂತು ಶೀಟ್ ತೆಗೆದು ಫಿಲ್ಟರ್ ಹಾಕಿ ಎಣಿಸಿ ಮೆಸೇಜ್ ಕಳಿಸೋರು, ಎಷ್ಟು ಜನ ಹೊಸಬರು, ಯಾವ ಬ್ಯಾಚಿಗೆ ಎಷ್ಟು, ಎಲ್ಲಿಂದ ತಿಳ್ಕೊಂಡು ಬಂದ್ರು ಅಂತ. ಫಾರ್ಮ್ಸ್ ಒಳಗೇ ಸಮರಿ ಅಂತ ಒಂದು ಇದೆ ಅಲ್ವಾ, ಅಲ್ಲಿ ಪೈ ಚಾರ್ಟ್ ತಾನಾಗೇ ಬರತ್ತೆ, ಚೆನ್ನಾಗೇ ಇದೆ, ಆದ್ರೆ ಅದು ಮೊದಲ ದಿನದಿಂದ ಇವತ್ತಿನವರೆಗೆ ಬಂದಿದ್ದೆಲ್ಲಾ ಒಟ್ಟಿಗೆ ಸೇರಿಸಿ ತೋರಿಸೋದು. ಈ ತಿಂಗಳದ್ದು ಮಾತ್ರ, ಅದ್ರಲ್ಲೂ ಸಂಜೆ ಬ್ಯಾಚಿಂದು ಮಾತ್ರ ಅಂತ ಕೇಳಿದ್ರೆ ಅಲ್ಲಿ ಆಗಲ್ಲ. ಅದಕ್ಕೇ ಲುಕರ್ ಸ್ಟುಡಿಯೋಗೆ ಹೋಗಿದ್ದು.

ಹೆಸರಿನ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ, ಹುಡುಕೋವಾಗ ಗೊಂದಲ ಆಗತ್ತೆ. 2016ರಲ್ಲಿ ಇದು ಬಂದಿದ್ದು ಡೇಟಾ ಸ್ಟುಡಿಯೋ ಅನ್ನೋ ಹೆಸರಲ್ಲಿ, 2022ರ ಅಕ್ಟೋಬರಲ್ಲಿ ಲುಕರ್ ಸ್ಟುಡಿಯೋ ಅಂತ ಬದಲಾಯಿಸಿದ್ರು. ಹಳೇ ಪಾಠಗಳಲ್ಲಿ ಹಳೇ ಹೆಸರೇ ಇರತ್ತೆ, ಬಿಡಬೇಡಿ, ಮೂಲ ಕೆಲಸ ಅದೇ. ಬರೀ ಲುಕರ್ ಅಂತ ಇನ್ನೊಂದಿದೆ, ಅದು ದೊಡ್ಡ ಸಂಸ್ಥೆಗಳು ದುಡ್ಡು ಕೊಟ್ಟು ಬಳಸೋ ಬೇರೇನೇ ಪ್ರಾಡಕ್ಟ್. ನಮ್ಮಂಥವರಿಗೆ ಬೇಕಾಗಿರೋದು ಉಚಿತವಾಗಿ ಸಿಗೋ ಸ್ಟುಡಿಯೋ.

ಜೋಡಿಸೋದು ನಿಜವಾಗ್ಲೂ ಸುಲಭ. ಫಾರ್ಮಿನ ರೆಸ್ಪಾನ್ಸ್ ಟ್ಯಾಬಲ್ಲಿ ಶೀಟಿಗೆ ಲಿಂಕ್ ಮಾಡಿ, ಸ್ಟುಡಿಯೋದಲ್ಲಿ ಗೂಗಲ್ ಶೀಟ್ಸ್ ಕನೆಕ್ಟರ್ ಆರಿಸಿ, ಆ ಶೀಟ್ ತೋರಿಸಿ, ಕಾಲಮ್‌ಗಳು ಬಂದು ನಿಲ್ತವೆ. ಬಾರ್ ಚಾರ್ಟ್ ಎಳೆದು ಹಾಕಿ, ಮೇಲ್ಗಡೆ ಡೇಟ್ ರೇಂಜ್ ಕಂಟ್ರೋಲ್ ಒಂದು, ಪಕ್ಕದಲ್ಲಿ ಡ್ರಾಪ್‌ಡೌನ್ ಒಂದು, ಮುಗೀತು. ಕ್ರಾಸ್ ಫಿಲ್ಟರಿಂಗ್ ಆನ್ ಇದ್ರೆ ಒಂದು ಬಾರ್ ಮೇಲೆ ಕ್ಲಿಕ್ ಮಾಡಿದ ತಕ್ಷಣ ಪುಟದಲ್ಲಿರೋ ಉಳಿದ ಚಾರ್ಟ್‌ಗಳೂ ಅದಕ್ಕೆ ತಕ್ಕ ಹಾಗೆ ಬದಲಾಗ್ತವೆ. ಮೊದಲ ಸಲ ಮೀಟಿಂಗಲ್ಲಿ ತೋರಿಸಿದಾಗ ನಮ್ಮ ಹಿರಿಯ ಟೀಚರೊಬ್ಬರು ಸುಮ್ನೆ ನೋಡ್ತಾ ಇದ್ದೋರು, "ಸ್ವಲ್ಪ ಮೌಸ್ ಕೊಡಪ್ಪ ಇಲ್ಲಿ" ಅಂತ ಇಸ್ಕೊಂಡು ಸಂಜೆ ಬ್ಯಾಚಿನ ಬಾರ್ ಒತ್ತಿದ್ರು, "ನೋಡು, ಸಂಜೆಗೆ ಬರೋರೆಲ್ಲಾ ಹಳಬರೇ, ಹೊಸಬರು ಬೆಳಗ್ಗೇನೇ ಕೇಳ್ತಿದಾರೆ" ಅಂದ್ರು. ಅದು ಅಲ್ಲಿವರೆಗೆ ನಮ್ಯಾರಿಗೂ ಹೊಳೆದಿರಲಿಲ್ಲ, ಸೋಮವಾರದ ಮೆಸೇಜಲ್ಲಿ ಬ್ಯಾಚ್ ಒಂದು ಸಾಲಲ್ಲಿ ಹೊಸಬರು ಇನ್ನೊಂದು ಸಾಲಲ್ಲಿ ಇರೋದು, ಎರಡನ್ನೂ ಸೇರಿಸಿ ಯಾರೂ ನೋಡಿರಲಿಲ್ಲ. ಮೇಡಂ ಅವತ್ತಿಂದ ತಾವೇ ತೆಗೆದು ನೋಡ್ಕೋತಾರೆ, ನಮ್ಮನ್ನ ಕೇಳೋದೇ ಇಲ್ಲ. ನನಗೆ ಈ ಟೂಲ್ ಮೇಲೆ ಪ್ರೀತಿ ಬಂದಿದ್ದು ಅವತ್ತೇ.

ಇನ್ನು ಕಷ್ಟಗಳಿಗೆ ಬರೋಣ. ಬಹುಪಾಲು ನಾನೇ ಫಾರ್ಮನ್ನ ಯೋಚನೆ ಮಾಡದೆ ಕಟ್ಟಿದ್ದರಿಂದ ಬಂದಿದ್ದು.

ನಮ್ಮ ಬಗ್ಗೆ ಹೇಗೆ ತಿಳೀತು ಅನ್ನೋ ಪ್ರಶ್ನೆಗೆ ನಾನು ಖಾಲಿ ಬಾಕ್ಸ್ ಇಟ್ಟಿದ್ದೆ, ಜನ ಅವರ ಮಾತಲ್ಲೇ ಬರೀಲಿ ಅಂತ. ಬರೆದ್ರು. ವಾಟ್ಸಾಪ್, ವಾಟ್ಸಪ್, ವಾಟ್ಸ್ ಆಪ್, ವಾಟ್ಸಪ್ ಗ್ರೂಪ್, ಗ್ರೂಪಲ್ಲಿ ನೋಡಿದೆ, ಹೀಗೆ. ಚಾರ್ಟಲ್ಲಿ ಪ್ರತಿಯೊಂದಕ್ಕೂ ಒಂದೊಂದು ಬಾರ್, ಪುಟ್ಟ ಪುಟ್ಟದು, ಸಾಲಾಗಿ. ಸರಿ, ಅದನ್ನ ಕೈಯಲ್ಲೇ ಒಂದು ಮ್ಯಾಪಿಂಗ್ ಟೇಬಲ್ (ಯಾವ ಬರಹಕ್ಕೆ ಯಾವ ಹೆಸರು ಅನ್ನೋ ಪಟ್ಟಿ) ಮಾಡಿ ಸರಿ ಮಾಡಿದೆ. ಆಮೇಲೂ ವಾಟ್ಸಾಪ್ ಅಂತ ಎರಡು ಬಾರ್ ಉಳ್ಕೊಂಡ್ವು, ಎರಡರಲ್ಲೂ ಅಕ್ಷರ ಅಕ್ಷರ ಒಂದೇ, ಸ್ಪೇಸೂ ಇಲ್ಲ, ಹೆಚ್ಚಿನ ಸ್ಪೇಸ್ ತೆಗೆಯೋ ಟ್ರಿಮ್ ಹಾಕಿದ್ರೂ ಹೋಗ್ತಿಲ್ಲ. ಒಂದು ಇಡೀ ಸಂಜೆ ಇದ್ರಲ್ಲೇ ಹೋಯ್ತು. ಕೊನೆಗೆ ಲೆನ್ ಫಂಕ್ಷನ್ ಹಾಕಿ ಉದ್ದ ನೋಡಿದ್ರೆ ಒಂದರಲ್ಲಿ ಒಂದು ಅಕ್ಷರ ಜಾಸ್ತಿ! ಅದು ಕಣ್ಣಿಗೆ ಕಾಣದ ಜೋಡಣೆ ತಡೆಯೋ ಚಿಹ್ನೆ, ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ಅಕ್ಷರ ಒತ್ತಾಗಿ ಹೋಗಬಾರದು ಅಂತ ಹಾಕೋದು, ಕೆಲವು ಕೀಬೋರ್ಡ್‌ಗಳಲ್ಲಿ ಪದದ ಕೊನೆಗೂ ಸೇರ್ಕೊಂಡು ಬಿಡತ್ತೆ. ನೋಡೋ ಕಣ್ಣಿಗೆ ವ್ಯತ್ಯಾಸ ಇಲ್ಲ, ಕಂಪ್ಯೂಟರಿಗೆ ಅದು ಬೇರೆ ಪದ. ಶೀಟಲ್ಲಿ ಸಬ್‌ಸ್ಟಿಟ್ಯೂಟ್ ಫಂಕ್ಷನಿಗೆ ಯೂನಿಚಾರ್ 8204 (ಆ ಚಿಹ್ನೆಯ ನಂಬರ್) ಕೊಟ್ಟು ಅದನ್ನ ಖಾಲಿಗೆ ಬದಲಾಯಿಸಿದೆ, ಎರಡು ಬಾರ್ ಒಂದಾಯ್ತು. ಕನ್ನಡದಲ್ಲಿ ಉತ್ತರ ತಗೊಳ್ಳೋರು ಈ ನಂಬರ್ ಬರೆದಿಟ್ಕೊಳ್ಳಿ, 8204. ಇಂಗ್ಲಿಷ್ ಪಾಠಗಳಲ್ಲಿ ಇದು ನನಗೆಲ್ಲೂ ಸಿಗಲಿಲ್ಲ.

ಈಗ ಆ ಪ್ರಶ್ನೆ ಡ್ರಾಪ್‌ಡೌನ್ ಆಗಿದೆ, ಏಳು ಆಯ್ಕೆ, ಕೊನೇದು ಇತರೆ.

ಚೆಕ್‌ಬಾಕ್ಸ್ ಇನ್ನೊಂದು. ಯಾವ ಸಮಯ ಅನುಕೂಲ, ಎಷ್ಟು ಬೇಕಾದ್ರೂ ಟಿಕ್ ಮಾಡಿ ಅಂದ್ರೆ ಶೀಟಲ್ಲಿ ಅಷ್ಟೂ ಉತ್ತರ ಒಂದೇ ಸೆಲ್ಲಲ್ಲಿ ಕಾಮಾ ಹಾಕ್ಕೊಂಡು ಕೂರತ್ತೆ. ಸ್ಟುಡಿಯೋಗೆ "ಬೆಳಗ್ಗೆ" ಬೇರೆ, "ಬೆಳಗ್ಗೆ, ಸಂಜೆ" ಬೇರೆ. ಬೆಳಗ್ಗೆಗೆ ಒಟ್ಟು ಎಷ್ಟು ಜನ ಅಂತ ನೇರವಾಗಿ ಸಿಗಲ್ಲ. ನಾನು ಮಾಡಿದ್ದು ಏನಂದ್ರೆ ಪ್ರತಿ ಆಯ್ಕೆಗೂ ಒಂದು ಕ್ಯಾಲ್ಕುಲೇಟೆಡ್ ಫೀಲ್ಡ್ (ಫಾರ್ಮುಲಾದಿಂದ ಮಾಡಿದ ಹೊಸ ಕಾಲಮ್), ಕೇಸ್ ಮತ್ತೆ ಕಂಟೇನ್ಸ್ ಟೆಕ್ಸ್ಟ್ ಅನ್ನೋ ಫಂಕ್ಷನ್ ಸೇರಿಸಿ, ಆ ಪದ ಇದ್ರೆ 1 ಇಲ್ಲಾಂದ್ರೆ 0, ಆಮೇಲೆ ಅದರ ಸಮ್. ಇದು ಕೋಡ್ ಅಲ್ಲ, ಎಕ್ಸೆಲ್ಲಲ್ಲಿ ಇಫ್ ಬರೆದಿರೋರಿಗೆ ಅರ್ಧ ಗಂಟೇಲಿ ಬರತ್ತೆ, ಆದ್ರೆ ಕೋಡಿಂಗ್ ಬೇಡ ಅಂದ್ರೆ ಫಾರ್ಮುಲಾನೂ ಬೇಡ ಅಂತ ಅಂದ್ಕೊಂಡು ಬಂದ್ರೆ ನಿರಾಸೆ ಆಗತ್ತೆ. ಅದ್ರಲ್ಲೂ ಒಂದು ಹುಷಾರು, "ಸಂಜೆ" ಅಂತ ಒಂದು ಆಯ್ಕೆ, "ತಡ ಸಂಜೆ" ಅಂತ ಇನ್ನೊಂದು ಇಟ್ರೆ ಸಂಜೆ ಅಂತ ಹುಡುಕಿದಾಗ ಎರಡೂ ಸಿಕ್ತವೆ. ನಮ್ಮ ಸಂಜೆ ಲೆಕ್ಕ ಎರಡು ತಿಂಗಳು ಜಾಸ್ತಿ ತೋರಿಸ್ತಿತ್ತು, ಅದನ್ನ ನಂಬಿ ಸಂಜೆಗೆ ಇನ್ನೊಂದು ಬ್ಯಾಚ್ ತೆಗೆಯೋಣ ಅಂತ ಮಾತಾಡ್ಕೊಂಡಿದ್ವಿ. ಆಯ್ಕೆಗಳ ಹೆಸರು ಒಂದರೊಳಗೆ ಒಂದು ಸೇರೋ ಹಾಗೆ ಇಡಬೇಡಿ. ಆಯ್ಕೆ ಒಳಗೆ ಕಾಮಾನೂ ಹಾಕಬೇಡಿ, ಆಮೇಲೆ ಬಿಡಿಸೋವಾಗ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರು ಅಂತ ಗೊತ್ತಾಗಲ್ಲ.

ರೆಸ್ಪಾನ್ಸ್ ಬಂದು ಬೀಳೋ ಟ್ಯಾಬನ್ನ ಮುಟ್ಟಲೇಬೇಡಿ. ಅದು ಕಚ್ಚಾ ಮಾಲು, ಹಾಗೇ ಇರ್ಲಿ. ಪಕ್ಕದಲ್ಲಿ ಕ್ಲೀನ್ ಅಂತ ಇನ್ನೊಂದು ಟ್ಯಾಬ್ ಮಾಡಿ ಎಲ್ಲಾ ತಿದ್ದುಪಡಿ ಅಲ್ಲಿ. ನಾನು ಮೊದಲು ಅಲ್ಲಿ ಪ್ರತಿ ಸಾಲಿಗೂ ಒಂದೊಂದು ರೆಫರೆನ್ಸ್ ಬರೆದು ಕೆಳಗಿನವರೆಗೆ ಎಳೆದಿದ್ದೆ, ಹೊಸ ರೆಸ್ಪಾನ್ಸ್ ಬಂದಾಗ ಫಾರ್ಮ್ ಹೊಸ ಸಾಲನ್ನೇ ಸೇರಿಸೋದ್ರಿಂದ ರೆಫರೆನ್ಸ್‌ಗಳು ಕೆಳಗೆ ಜರುಗಿ ಹೊಸ ಸಾಲುಗಳು ಕ್ಲೀನ್ ಟ್ಯಾಬಿಗೆ ಬರ್ತಾನೇ ಇರಲಿಲ್ಲ. ಇಡೀ ಕಾಲಮ್ ಹಿಡಿದು ಅರೇ ಫಾರ್ಮುಲಾ ಅಥವಾ ಕ್ವೆರಿ (ಒಂದೇ ಸೆಲ್ಲಲ್ಲಿ ಬರೆದ್ರೆ ಎಲ್ಲಾ ಸಾಲಿಗೂ ಅನ್ವಯ ಆಗೋ ಫಾರ್ಮುಲಾಗಳು) ಹಾಕಿದ ಮೇಲೆ ಆ ತೊಂದರೆ ಹೋಯ್ತು.

ಇನ್ನು ಗೌಪ್ಯತೆ, ಇದನ್ನ ಹೇಳೋಕೆ ಈಗ್ಲೂ ಮನಸ್ಸು ಭಾರ ಆಗತ್ತೆ. ಡೇಟಾ ಸೋರ್ಸಲ್ಲಿ (ಸ್ಟುಡಿಯೋಗೆ ಜೋಡಿಸಿದ ಶೀಟಿನ ಸೆಟ್ಟಿಂಗಲ್ಲಿ) ಕ್ರೆಡೆನ್ಷಿಯಲ್ಸ್ ಅಂತ ಒಂದು ಇದೆ, ಯಾರ ಅನುಮತಿಯಲ್ಲಿ ಡೇಟಾ ತರ್ಬೇಕು ಅನ್ನೋದು. ಓನರ್ಸ್ ಅಂತ ಇದ್ರೆ ರಿಪೋರ್ಟ್ ಲಿಂಕ್ ಇರೋರು ಶೀಟಿಗೆ ಅನುಮತಿ ಇಲ್ಲದಿದ್ರೂ ಚಾರ್ಟ್ ನೋಡಬಹುದು, ನಿಮ್ಮ ಅನುಮತಿಯಲ್ಲೇ ಡೇಟಾ ಬರತ್ತೆ. ವ್ಯೂವರ್ಸ್ ಅಂತ ಇದ್ರೆ ನೋಡೋರಿಗೆ ಶೀಟಿನ ಅನುಮತಿ ಇರ್ಬೇಕು. ನಾನು ಓನರ್ಸ್ ಇಟ್ಟು, ಲಿಂಕ್ ಇರೋ ಯಾರು ಬೇಕಾದ್ರೂ ನೋಡಬಹುದು ಅಂತ ಶೇರ್ ಮಾಡಿದ್ದೆ, ಎರಡನೇ ಪುಟದಲ್ಲಿ ಪರೀಕ್ಷೆಗೆ ಅಂತ ಹಾಕಿದ್ದ ಟೇಬಲ್ ತೆಗೆಯೋದು ಮರೆತಿದ್ದೆ, ಅದ್ರಲ್ಲಿ ಹೆಸರು, ಫೋನ್ ನಂಬರ್ ಎಲ್ಲಾ ಇತ್ತು. ಸೇರ್ಕೊಂಡಿದ್ದವರಲ್ಲೇ ಒಬ್ಬರು ಫೋನ್ ಮಾಡಿ "ಸಾರ್, ನನ್ನ ನಂಬರ್ ಕಾಣ್ತಿದೆಯಲ್ಲ ಇದ್ರಲ್ಲಿ" ಅಂದಾಗ ಎದೆ ಧಸಕ್ಕಂತು. ತಕ್ಷಣ ತೆಗೆದೆ, ಅದ್ರಲ್ಲಿದ್ದ ಎಲ್ಲರಿಗೂ ಬರೆದು ಕ್ಷಮೆ ಕೇಳಿದ್ವಿ. ಅವತ್ತಿಂದ ನಿಯಮ ಒಂದೇ: ಕ್ಲೀನ್ ಟ್ಯಾಬಿಗೆ ಹೆಸರು, ಫೋನ್, ಇಮೇಲ್ ಕಾಲಮ್ ಬರೋದೇ ಇಲ್ಲ, ಸ್ಟುಡಿಯೋಗೆ ಕೊಡೋದು ಆ ಟ್ಯಾಬ್ ಮಾತ್ರ. ಚಾರ್ಟಲ್ಲಿ ಬಚ್ಚಿಟ್ರೆ ಸಾಲದು, ಅಲ್ಲಿಗೆ ತಲುಪಲೇಬಾರದು. ಜೊತೆಗೆ ಶೇರ್ ಸೆಟ್ಟಿಂಗಲ್ಲಿ ನೋಡೋರಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ಬೇಡ ಅನ್ನೋ ಆಯ್ಕೆ ಇದೆ, ಅದನ್ನೂ ಹಾಕಿಡಿ.

ಚಿಕ್ಕದೊಂದೆರಡು. ಡೇಟಾ ಆ ಕ್ಷಣಕ್ಕೇ ಬರಲ್ಲ, ಶೀಟ್ಸ್ ಆದ್ರೆ ಡೀಫಾಲ್ಟಾಗಿ 15 ನಿಮಿಷಕ್ಕೊಮ್ಮೆ ಹೊಸದಾಗತ್ತೆ, ಅವಸರ ಇದ್ರೆ ಮೆನುವಲ್ಲಿ ರಿಫ್ರೆಶ್ ಡೇಟಾ ಒತ್ತಬಹುದು. ಫಾರ್ಮಿಗೆ ಹೊಸ ಪ್ರಶ್ನೆ ಸೇರಿಸಿದ್ರೆ ಸ್ಟುಡಿಯೋದಲ್ಲಿ ರಿಫ್ರೆಶ್ ಫೀಲ್ಡ್ಸ್ ಮಾಡ್ಬೇಕು, ಇಲ್ಲಾಂದ್ರೆ ಹೊಸ ಕಾಲಮ್ ಕಾಣಲ್ಲ. ಶೀಟಿನ ಟೈಮ್‌ಝೋನ್ ಮೊದಲೇ ನೋಡ್ಕೊಳ್ಳಿ, ನಂದು ತಪ್ಪಾಗಿತ್ತು, ರಾತ್ರಿ ಬಂದಿದ್ದೆಲ್ಲಾ ಬೇರೆ ದಿನದ ಲೆಕ್ಕಕ್ಕೆ ಹೋಗ್ತಿತ್ತು. ಒಂದು ಶೀಟ್ ಫೈಲಿಗೆ 1 ಕೋಟಿ ಸೆಲ್ ಮಿತಿ, ನಮ್ಮಂಥವರು ಅದರ ಹತ್ರಾನೂ ಹೋಗಲ್ಲ.

ಎರಡನೇ ವರ್ಷ ಗೂಗಲ್ ಫಾರ್ಮ್ ಬಿಟ್ಟು ವೆಬ್‌ಸೈಟಿನದ್ದೇ ಫಾರ್ಮ್ ಇಟ್ಟು, ಮಧ್ಯದಲ್ಲಿ ಒಂದು ಕನೆಕ್ಟರ್ ಸೇವೆ ಹಾಕಿ ಅದನ್ನ ಶೀಟಿಗೆ ಕಳಿಸೋ ಹಾಗೆ ಮಾಡಿದ್ವಿ, ಪೇಜಿನ ಡಿಸೈನಿಗೆ ಹೊಂದತ್ತೆ ಅಂತ. ಚೆನ್ನಾಗೇ ನಡೀತಿತ್ತು. ಒಂದಿನ ಯಾರೋ ಫಾರ್ಮಲ್ಲಿ ಒಂದು ಫೀಲ್ಡಿನ ಹೆಸರು ಬದಲಾಯಿಸಿದ್ರು, ಕನೆಕ್ಟರ್ ಸದ್ದಿಲ್ಲದೆ ನಿಂತೋಯ್ತು, ಎಂಟು ದಿನ ಒಂದೂ ಎಂಟ್ರಿ ಶೀಟಿಗೆ ಬಂದಿಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಎಂದಿನ ಹಾಗೆ ಬಣ್ಣ ಬಣ್ಣವಾಗಿ ಕಾಣ್ತಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಸೈಟ್ ನಮ್ಮ ಇಮೇಲಿಗೂ ಒಂದು ಕಾಪಿ ಕಳಿಸ್ತಿದ್ದಿದ್ರಿಂದ ಬದುಕಿದ್ವಿ, ಅದನ್ನ ನೋಡ್ಕೊಂಡು ಒಂದೊಂದಾಗಿ ಟೈಪ್ ಮಾಡಿ ತುಂಬಿದ್ವಿ. ಈಗ ಮೊದಲ ಪುಟದ ಮೇಲ್ಗಡೆ ದೊಡ್ಡದಾಗಿ ಒಂದು ಸ್ಕೋರ್‌ಕಾರ್ಡ್ (ಒಂದೇ ಅಂಕಿ ತೋರಿಸೋ ಚೌಕ) ಇದೆ: ಕೊನೆಯ ರೆಸ್ಪಾನ್ಸ್ ಯಾವಾಗ ಬಂತು. ಟೈಮ್‌ಸ್ಟ್ಯಾಂಪಿನ (ಎಂಟ್ರಿ ಬಂದ ಸಮಯದ) ಮ್ಯಾಕ್ಸ್, ಅಷ್ಟೇ. ಮೂರು ದಿನಕ್ಕಿಂತ ಹಳೇದು ಅಂತ ಕಂಡ್ರೆ ಯಾರಾದ್ರೂ ಒಬ್ಬರು ಫಾರ್ಮ್ ತುಂಬಿ ಪರೀಕ್ಷೆ ಮಾಡ್ತಾರೆ. ನಾನು ಮಾಡಿರೋ ಚಾರ್ಟ್‌ಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದಿರೋದು ಇದೇ.

ಯಾರಿಗೆ ಹೊಂದತ್ತೆ ಅಂತ ಕೇಳಿದ್ರೆ, ದಿನಕ್ಕೆ ಕೆಲವು ಹತ್ತು, ನೂರು ಎಂಟ್ರಿ ಬರೋ ತಂಡ, ಶೀಟ್ಸ್ ಗೊತ್ತಿರೋ ಒಬ್ಬರಾದ್ರೂ ಇರೋ ಜಾಗ, ಅಂಥ ಕಡೆ ಕಣ್ಣು ಮುಚ್ಕೊಂಡು ಶುರು ಮಾಡಿ. ಆ ಕ್ಷಣದ ಅಂಕಿ ಆ ಕ್ಷಣಕ್ಕೇ ಬೇಕು ಅನ್ನೋರಿಗೆ ಇದು ಅಲ್ಲ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಮ್ಮಿ ಮಾಡಿದ್ದು ಚೆಕ್‌ಬಾಕ್ಸ್ ಉತ್ತರ ಬಿಡಿಸೋಕೆ ಇಷ್ಟು ಸುತ್ತು ಹಾಕ್ಬೇಕಲ್ಲ ಅನ್ನೋದಕ್ಕೆ.

ಈಗ ಹೊಸ ಫಾರ್ಮ್ ಬೇಕು ಅಂದ್ರೆ ಮೊದಲು ಪೇಪರ್ ತಗೊಂಡು ಯಾವ ಚಾರ್ಟ್ ಬೇಕು ಅಂತ ಪೆನ್ಸಿಲಲ್ಲಿ ಬರೀತೀವಿ, ಆಮೇಲೆ ಆ ಚಾರ್ಟಿಗೆ ಬೇಕಾದ ಪ್ರಶ್ನೆ, ಆಮೇಲೆ ಆಯ್ಕೆಗಳು. ಯಾವ ಚಾರ್ಟಿಗೂ ಸೇರದ ಪ್ರಶ್ನೆ ಇದ್ರೆ ಯಾಕೆ ಕೇಳ್ತಿದೀವಿ ಅಂತ ಒಂದ್ಸಲ ಚರ್ಚೆ ಆಗತ್ತೆ, ಬಹಳ ಸಲ ತೆಗೆದೇ ಹಾಕ್ತೀವಿ. ಹಾಗೆ ಉಳಿಸ್ಕೊಂಡಿರೋದು ಒಂದೇ, ಕೊನೇಲಿರೋ "ನಮಗೆ ಏನಾದ್ರೂ ಹೇಳ್ಬೇಕಾ?" ಅನ್ನೋ ಖಾಲಿ ಬಾಕ್ಸ್. ಅದರ ಉತ್ತರಗಳನ್ನ ಡ್ಯಾಶ್‌ಬೋರ್ಡಿಗೆ ಹಾಕಿಲ್ಲ, ತಿಂಗಳಿಗೊಂದ್ಸಲ ಎಲ್ಲರೂ ಕೂತ್ಕೊಂಡು ಒಂದೊಂದಾಗಿ ಓದ್ತೀವಿ.