ಮೆಸನ್ ಜೊತೆ ಆರು ವರ್ಷ: ಆ ಎರಡನೇ ಲೈಬ್ರರಿ ಎಲ್ಲಿಂದ ಬಂತು?

ಮೆಸನ್ ಅಂದರೆ ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿಸುವ ಬಿಲ್ಡ್ ಸಾಧನ. ಅದು ಏನೇನು ಮಾಡುತ್ತದೆ ಅನ್ನೋದು ಕೈಪಿಡಿಯಲ್ಲೇ ಇದೆ, ಮತ್ತೆ ಬರೆಯಲ್ಲ. ಬಿಡುವಿನ ವೇಳೆಯಲ್ಲಿ ಒಂದು ಚಿಕ್ಕ ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡಿಕೊಳ್ಳುವವನು ನಾನು. ಬಹುಪಾಲು ಸಿ ಕೋಡ್. ಮೊದಲು ಇದೇ ಕೆಲಸಕ್ಕೆ ಆಟೋಟೂಲ್ಸ್ ಅನ್ನೋ ಹಳೆಯ ಸಾಧನ ಇತ್ತು. ಕಟ್ಟುವ ಮೊದಲು ಯಂತ್ರದಲ್ಲಿ ಏನೇನಿದೆ ಅಂತ ನೋಡಲು ಅದು ಹುಟ್ಟಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಸಾವಿರಾರು ಸಾಲು, ಪೂರ್ತಿ ಓದಿದವರನ್ನು ನಾನಂತೂ ಕಂಡಿಲ್ಲ. (2024ರಲ್ಲಿ ಎಕ್ಸ್‌ಝಡ್ ಅನ್ನೋ ಕಡತ ಕುಗ್ಗಿಸುವ ಸಾಧನದ 5.6.0 ಮತ್ತು 5.6.1ರ ಹಿಂಬಾಗಿಲನ್ನು ಎಬ್ಬಿಸುತ್ತಿದ್ದ ಸಾಲುಗಳು ಅಡಗಿದ್ದು ಇಂಥ ಸ್ಕ್ರಿಪ್ಟ್ ಹುಟ್ಟಿಸಲು ಬಳಸುವ ಒಂದು ಎಂ4 ಕಡತದಲ್ಲಿ. ಬಿಡುಗಡೆ ಮಾಡಿದ ಟಾರ್‌ಬಾಲ್ ಕಟ್ಟಿನಲ್ಲಿ ಇದ್ದವು, ಎಲ್ಲರೂ ನೋಡುವ ಗಿಟ್ ಕೋಡ್ ಭಂಡಾರದಲ್ಲಿ ಇರಲಿಲ್ಲ.) ಲಿನಕ್ಸ್ ಯಂತ್ರವನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿಯವರು 2017ರಲ್ಲೇ ಮೆಸನ್‌ಗೆ ಬಂದಿದ್ದರು, ನಾನು ಅವರ ಹಿಂದೆ ನಿಧಾನಕ್ಕೆ ಬಂದೆ.

ಖುಷಿ ಕೊಟ್ಟಿದ್ದು ದೊಡ್ಡ ಸಂಗತಿಯೇನಲ್ಲ. ಬೆಳಿಗ್ಗೆ ಗಿಟ್ ಪುಲ್ ಮಾಡಿ ಹೊಸ ಕೋಡ್ ತಂದು, ಮೆಸನ್ ಹೇಳಿದ ಹಾಗೆ ಕೋಡ್ ಕಟ್ಟುವ ನಿಂಜಾ ಓಡಿಸಿದರೆ ಪರದೆಯ ಮೇಲೆ ಒಂದೇ ಸಾಲು: [1/212], [2/212]. ಅಂಕಿ ಅಲ್ಲೇ ಓಡುತ್ತಿರುತ್ತದೆ. ವಾರ್ನಿಂಗ್ ಬಂದರೆ ಮಾತ್ರ ಅದು ಕಣ್ಣಿಗೆ ಬೀಳುವ ಹಾಗೆ ಉಳಿದುಕೊಳ್ಳುತ್ತದೆ. ಏನೂ ಬದಲಾಗಿಲ್ಲದಿದ್ದರೆ ‘ಕೆಲಸ ಇಲ್ಲ’ ಅಂತ ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಬಿಲ್ಡ್ ಫೋಲ್ಡರ್ ಬೇರೆಯೇ ಇರುವುದರಿಂದ ಏನೇ ಕೆಟ್ಟರೂ ಅದನ್ನು ಅಳಿಸಿದರಾಯಿತು, ಸೋರ್ಸ್‌ಗೆ ಧೂಳೂ ತಾಗಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಕೋರ್, 8 ಜಿಬಿ ಮೆಮೊರಿ. ನಿಂಜಾ ತಾನಾಗಿ ಕೋರ್‌ಗಿಂತ ಎರಡು ಹೆಚ್ಚು, ಅಂದರೆ ಆರು ಕೆಲಸ ಒಟ್ಟಿಗೆ ಹಚ್ಚುತ್ತದೆ. ಬ್ರೌಸರ್ ತೆರೆದಿದ್ದರೆ ಯಂತ್ರ ಏದುಸಿರು ಬಿಡುತ್ತದೆ, ಹಾಗಾಗಿ ಮೂರಕ್ಕೆ ಇಳಿಸಿಕೊಂಡಿದ್ದೇನೆ.

ಇಲ್ಲಿಯವರೆಗೆ ಐದಕ್ಕೆ ಐದು ಕೊಡುತ್ತಿದ್ದೆ. ಕಳೆದ ವರ್ಷ ಒಬ್ಬ ಬಳಕೆದಾರರ ದೂರು ಬಂತು: ಪ್ರೋಗ್ರಾಂ ತೆರೆದ ಕೂಡಲೇ ಸೆಗ್‌ಫಾಲ್ಟ್, ಅಂದರೆ ಮೆಮೊರಿ ತಪ್ಪಿಗೆ ಸಿಕ್ಕಿ ಕುಸಿತ. ನನ್ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಎರಡು ರಾತ್ರಿ ಹಾಳಾದ ಮೇಲೆ, ‘ಎಲ್‌ಡಿಡಿ ಓಡಿಸಿ ಬಂದದ್ದನ್ನು ಕಳಿಸಿ’ ಅಂದೆ. ಪ್ರೋಗ್ರಾಂ ಯಾವ ಯಾವ ಲೈಬ್ರರಿ ಎಳೆದುಕೊಳ್ಳುತ್ತದೆ ಅಂತ ಅದು ಪಟ್ಟಿ ಕೊಡುತ್ತದೆ. ಒಂದೇ ಲೈಬ್ರರಿ ಎರಡು ಸಲ ಕೂತಿತ್ತು. ಆವೃತ್ತಿ ಬೇರೆ: ಒಂದರ ಬಾಲದಲ್ಲಿ .ಎಸ್ಒ.1, ಇನ್ನೊಂದರದ್ದು .ಎಸ್ಒ.2.

ಆಗಿದ್ದು ಇಷ್ಟು. ಆ ಲೈಬ್ರರಿಯ 2.0 ಅಥವಾ ಮೇಲಿನ ಆವೃತ್ತಿ ಬೇಕು ಅಂತ ನಾನು ಬರೆದಿದ್ದೆ, ಅವರ ಲಿನಕ್ಸ್ ಡಿಸ್ಟ್ರೋದಲ್ಲಿ ಇದ್ದದ್ದು 1.4. ಮೆಸನ್ ಆಗ ವ್ರ್ಯಾಪ್ ಕಡತ (ಲೈಬ್ರರಿಯ ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ಬರೆದಿಡುವ ಕಡತ) ನೋಡಿ 2.0ರ ಸೋರ್ಸನ್ನು ನೆಟ್‌ನಿಂದ ಇಳಿಸಿ, ನನ್ನ ಪ್ರಾಜೆಕ್ಟ್‌ನೊಳಗಿನ ಸಬ್‌ಪ್ರಾಜೆಕ್ಟ್ ಆಗಿ ಕಟ್ಟಿ ಜೋಡಿಸಿತು. ನಾನು ಬಳಸುವ ಇನ್ನೊಂದು ಸಿಸ್ಟಮ್ ಲೈಬ್ರರಿ 1.4ರ ಜೊತೆ ಲಿಂಕ್ ಆಗಿತ್ತು, ಅದು ತನ್ನದನ್ನೂ ಎಳೆದು ತಂದಿತು. ಎರಡರಲ್ಲೂ ಫಂಕ್ಷನ್‌ಗಳ ಹೆಸರು ಒಂದೇ, ಅವು ಬಳಸುವ ಸ್ಟ್ರಕ್ಟ್‌ನ (ದತ್ತಾಂಶದ ಕಟ್ಟಿನ) ಅಳತೆ ಬೇರೆ. ಪ್ರೋಗ್ರಾಂ ತೆರೆಯುವಾಗ ಲೈಬ್ರರಿಗಳನ್ನು ಜೋಡಿಸುವ ಲೋಡರ್‌ಗೆ, ಹೆಸರು ಹುಡುಕುವಾಗ ಮೊದಲು ಸಿಕ್ಕಿದ್ದು 2.0. ಹಳೆಯ ಸ್ಟ್ರಕ್ಟ್ ಹೊಸ ಫಂಕ್ಷನ್‌ನ ಕೈಗೆ ಹೋಯಿತು, ಪ್ರೋಗ್ರಾಂ ಕುಸಿಯಿತು.

ಮೆಸನ್ ಸುಮ್ಮನಿರಲಿಲ್ಲ ಅನ್ನೋದನ್ನೂ ಹೇಳಬೇಕು. ಕಾನ್ಫಿಗರ್ ಮಾಡುವಾಗ ‘1.4 ಸಿಕ್ಕಿತು, ಬೇಕಾಗಿದ್ದು 2.0’ ಅಂತ ಬರೆದು, ಸಬ್‌ಪ್ರಾಜೆಕ್ಟ್ ಕಡೆ ಹೋಗುತ್ತಿದ್ದೇನೆ ಅಂತಲೂ ಹೇಳುತ್ತದೆ. ನಲವತ್ತು ಹಸಿರು ‘ಯೆಸ್’ಗಳ ನಡುವೆ ಅದನ್ನು ಯಾರು ಓದುತ್ತಾರೆ? ಮೆಸನ್ 0.55ರಿಂದ ಈಚೆಗಂತೂ ವ್ರ್ಯಾಪ್ ಕಡತದಲ್ಲಿ ‘ಪ್ರೊವೈಡ್’ ವಿಭಾಗ ಇದ್ದರೆ ಸಾಕು, ಬೇಕೇಬೇಕು ಅಂದ ಲೈಬ್ರರಿ ಸಿಗದಿದ್ದಾಗ ಅದು ತಾನಾಗಿ ಆ ದಾರಿ ಹಿಡಿಯುತ್ತದೆ. ನನಗೆ ಕಾನ್ಫಿಗರ್ ಅಲ್ಲೇ ಮುರಿದು ಬೀಳಬೇಕಿತ್ತು. ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್ ಕಟ್ಟುವ ಡೆಬ್‌ಹೆಲ್ಪರ್, ನೆಟ್‌ನಿಂದ ಏನೂ ಇಳಿಸಬೇಡ ಅನ್ನುವ ‘ನೋಡೌನ್‌ಲೋಡ್’ ವ್ರ್ಯಾಪ್ ಮೋಡನ್ನು ತಾನೇ ಸೇರಿಸಿ ಮೆಸನ್‌ನ ಕರೆಯುತ್ತದೆ. ಅವರು ಯಾಕೆ ಹಾಗೆ ಮಾಡುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆ ಎರಡು ರಾತ್ರಿಯ ನಂತರ.

ಪರಿಹಾರ ಹುಡುಕುವಾಗ ನನ್ನ ಮುಖಕ್ಕೇ ಕನ್ನಡಿ ಹಿಡಿದ ಹಾಗಾಯಿತು. 2.0 ಯಾಕೆ ಬೇಕಿತ್ತು ಅಂತ ಕೋಡ್ ಜಾಲಾಡಿದರೆ, ಬಳಸಿದ್ದು ಒಂದೇ ಒಂದು ಹೊಸ ಫಂಕ್ಷನ್. ಅದೇ ಕೆಲಸಕ್ಕೆ ಹನ್ನೆರಡು ಸಾಲು ನಾನೇ ಬರೆದೆ, ಆವೃತ್ತಿಯನ್ನು 1.4ಕ್ಕೆ ಇಳಿಸಿ ವ್ರ್ಯಾಪ್ ಕಡತವನ್ನೇ ತೆಗೆದುಹಾಕಿದೆ. ಎಲ್‌ಡಿಡಿಯಲ್ಲಿ ಈಗ ಆ ಲೈಬ್ರರಿಗೆ ಒಂದೇ ಸಾಲು.

ಐದಕ್ಕೆ ನಾಲ್ಕು. ಆಟೋಟೂಲ್ಸ್‌ಗೆ ವಾಪಸ್ ಹೋಗುವ ಮಾತೇ ಇಲ್ಲ. ಬೇರೆಯವರ ಪ್ರಾಜೆಕ್ಟ್ ಕಟ್ಟುವಾಗ ಮಾತ್ರ, ಲೈಬ್ರರಿ ಸಿಗದಿದ್ದರೆ ಸಬ್‌ಪ್ರಾಜೆಕ್ಟ್ ಕಡೆ ಹೋಗಬೇಡ ಅನ್ನುವ ‘ನೋಫಾಲ್‌ಬ್ಯಾಕ್’ ಮೋಡ್ ಸೇರಿಸಿಯೇ ಮೆಸನ್ ಓಡಿಸುತ್ತೇನೆ. ಹೋದ ವಾರ ಅದು ಮೂರು ಕಡೆ ನಿಂತುಹೋಯಿತು, ಮೂರೂ ಸಲ ಕೊರತೆಯಿದ್ದ ಪ್ಯಾಕೇಜ್ ಹಾಕಿಕೊಂಡು ಮುಂದೆ ಹೋದೆ.