ಹಿಮಾಲಯನ್ ಇಳಿದು ಸೂಪರ್ ಮೀಟಿಯರ್ 650 ಹತ್ತುವವರು ಗಮನಿಸಬೇಕಾದದ್ದು

ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650ರ ಸೀಟಿನ ಎತ್ತರ 740 ಮಿ.ಮೀ., ಹಿಮಾಲಯನ್ 411ರದ್ದು 800. ಶೋರೂಮಿನಲ್ಲಿ ಮನಸ್ಸು ಸೋಲುವುದು ಈ 60 ಮಿ.ಮೀ.ಗೇ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ, ಹ್ಯಾಂಡಲ್ ಕೈಗೆ ಸಲೀಸಾಗಿ ಸಿಗುತ್ತದೆ, ಇಷ್ಟು ದೊಡ್ಡ ಗಾಡಿ ಇಷ್ಟು ಸುಲಭವೇ ಎನಿಸುತ್ತದೆ. ಆದರೆ ಖರೀದಿ ನಿರ್ಧರಿಸಬೇಕಾದದ್ದು ಇನ್ನೊಂದು ಅಂಕಿ. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ ಹಿಮಾಲಯನ್‌ನಲ್ಲಿ 220 ಮಿ.ಮೀ., ಇಲ್ಲಿ 135. ಹಿಂದಿನ ಶಾಕ್ಸ್ ಅಲ್ಲಿ 180 ಮಿ.ಮೀ. ಕುಗ್ಗುತ್ತದೆ, ಇಲ್ಲಿ 101 ಮಾತ್ರ. ವರ್ಷಗಟ್ಟಲೆ ಹಿಮಾಲಯನ್‌ನಂಥ ಡ್ಯುಯಲ್ ಸ್ಪೋರ್ಟ್ ಗಾಡಿ (ಡಾಂಬರು, ಮಣ್ಣು ಎರಡಕ್ಕೂ ಆಗುವಂಥದ್ದು) ಓಡಿಸಿದವರ ಮೈಗೆ ಹತ್ತಿದ ಅಭ್ಯಾಸಗಳೆಲ್ಲ ಆ ಹೆಚ್ಚಿನ ಅಂತರವನ್ನು ನಂಬಿಕೊಂಡೇ ಬೆಳೆದವು. ಅವನ್ನು ಹಾಗೇ ತಂದು ಸೂಪರ್ ಮೀಟಿಯರ್‌ನಂಥ ಕ್ರೂಸರ್ (ಹೆದ್ದಾರಿಯ ಓಟಕ್ಕೆಂದು ಮಾಡಿದ ತಗ್ಗಿನ ಗಾಡಿ) ಮೇಲೆ ಕೂತರೆ ಮೊದಲ ವಾರವೇ ಹೊಟ್ಟೆ ಉಜ್ಜುವ ಸದ್ದು ಕೇಳುತ್ತದೆ.

ಮೊದಲು ಎಂಜಿನ್. 648 ಸಿಸಿ, ಅಕ್ಕಪಕ್ಕ ಎರಡು ಸಿಲಿಂಡರ್, 7250 ಆರ್‌ಪಿಎಂನಲ್ಲಿ 47 ಪಿಎಸ್, 5650ರಲ್ಲಿ 52.3 ಎನ್‌ಎಂ ಟಾರ್ಕ್. ಕ್ರ್ಯಾಂಕ್ 270 ಡಿಗ್ರಿಯದ್ದಾದ್ದರಿಂದ ಎರಡು ಸಿಲಿಂಡರ್‌ಗಳೂ ಸಮ ಅಂತರದಲ್ಲಿ ಹೊಡೆಯುವುದಿಲ್ಲ, ಹಾಗಾಗಿ ಸದ್ದಿನಲ್ಲಿ ವಿ-ಟ್ವಿನ್‌ನ (ವಿ ಆಕಾರದಲ್ಲಿ ಜೋಡಿಸಿದ ಎರಡು ಸಿಲಿಂಡರ್‌ಗಳ ಎಂಜಿನ್) ಲಯವಿದೆ. 24 ಬಿಎಚ್‌ಪಿ ಆಸುಪಾಸಿನ ಹಿಮಾಲಯನ್ 411 ಗಂಟೆಗೆ 100 ಕಿ.ಮೀ. ದಾಟಿದ ಮೇಲೆ ಏದುಸಿರು ಬಿಡುತ್ತದೆ, ಫುಟ್‌ರೆಸ್ಟ್‌ಗೂ ಹ್ಯಾಂಡಲ್‌ಗೂ ನಡುಕ ಬರುತ್ತದೆ. ಚಿತ್ರದುರ್ಗದಿಂದ ಹುಬ್ಬಳ್ಳಿ ಕಡೆಗಿನ ಹೆದ್ದಾರಿಯಲ್ಲಿ ಇದೇ ವೇಗ ಸೂಪರ್ ಮೀಟಿಯರ್‌ಗೆ ವಿಶ್ರಾಂತಿಯ ಸಮಯ. ಲಾರಿ ದಾಟಲು ಗೇರ್ ಇಳಿಸುವ ಅಗತ್ಯವೇ ಬೀಳುವುದಿಲ್ಲ, ಆರನೇ ಗೇರಿನಲ್ಲೇ ಆಕ್ಸಿಲರೇಟರ್ ತಿರುವಿದರೆ ಸಾಕು. ಸ್ಲಿಪ್-ಅಸಿಸ್ಟ್ ಕ್ಲಚ್ ಹಗುರ, ಲಿವರ್‌ಗಳನ್ನು ಬೆರಳಿನ ಉದ್ದಕ್ಕೆ ಹೊಂದಿಸಿಕೊಳ್ಳಬಹುದು. ಈ ಭಾಗದಲ್ಲಿ ತಪ್ಪು ಹುಡುಕಲು ಏನೂ ಇಲ್ಲ. ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ಎಂಜಿನ್ ಆದ್ದರಿಂದ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕಾಲಿಗೆ ಬಿಸಿ ತಟ್ಟುತ್ತದೆ, ಅಷ್ಟೆ.

ಬೆಂಗಳೂರು-ಮೈಸೂರು ನಡುವೆ ಓಡಾಡಲೆಂದೇ ಇದನ್ನು ಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಉಳಿಯುವುದು ಸರ್ವಿಸ್ ರಸ್ತೆ. ಈ ಗಾಡಿ ಯಾವುದಕ್ಕೆ ಹುಟ್ಟಿದೆಯೋ ಆ ನಿರಾತಂಕದ ಓಟ ಅಲ್ಲಿ ಸಿಗುವುದಿಲ್ಲ.

ಹಂಪ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರುಗಳ ಹಂಪ್‌ಗಳಿಗೆ ಒಂದೇ ಅಳತೆ ಅಂತಿಲ್ಲ. ಹಿಮಾಲಯನ್ ಸವಾರ ಸೀಟಿನಿಂದ ಒಂದಿಷ್ಟು ಎದ್ದು, ವೇಗ ಕಡಿಮೆ ಮಾಡದೆ ದಾಟಿಬಿಡುತ್ತಾನೆ. ಸೂಪರ್ ಮೀಟಿಯರ್‌ನಲ್ಲಿ ಫುಟ್‌ರೆಸ್ಟ್ ಸೊಂಟಕ್ಕಿಂತ ಮುಂದಿದೆ. ಹ್ಯಾಂಡಲ್ ಹಿಡಿದು ಎಳೆಯದೆ ಎದ್ದು ನಿಲ್ಲಲಾಗದು, ಎಳೆದರೆ ಗಾಡಿಯ ದಿಕ್ಕೇ ಬದಲಾಗುತ್ತದೆ. ಜೊತೆಗೆ ಎರಡು ಚಕ್ರಗಳ ನಡುವಿನ ದೂರ 1500 ಮಿ.ಮೀ. ಮುಂದಿನ ಚಕ್ರ ಹಂಪ್ ದಾಟಿ ಇಳಿದಾಗ ಹಿಂದಿನದು ಇನ್ನೂ ಈಚೆ ಬದಿಯಲ್ಲೇ ಇರುತ್ತದೆ, ಉಬ್ಬು ನೇರ ಹೊಟ್ಟೆಯ ಕೆಳಗೆ ಬರುತ್ತದೆ. ಹಂಪ್ ಮೇಲೆ ಮುಂದಿನ ಬ್ರೇಕ್ ಹಿಡಿದೇ ಇದ್ದರೆ ಫೋರ್ಕ್ (ಮುಂದಿನ ಶಾಕ್ಸ್) ಕುಗ್ಗಿ ಇರುವ 135 ಮಿ.ಮೀ. ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಬ್ರೇಕನ್ನು ಹಂಪ್‌ಗೆ ಮೊದಲೇ ಮುಗಿಸಿ, ಲಿವರ್ ಬಿಟ್ಟು ಫೋರ್ಕ್ ಮೇಲೆದ್ದ ಮೇಲೆ, ನಡಿಗೆಯ ವೇಗದಲ್ಲಿ, ರಸ್ತೆ ಖಾಲಿಯಿದ್ದರೆ ತುಸು ಓರೆಯಾಗಿ ದಾಟಿ. ಹಿಂದೆ ಜನ ಕೂರುವ ದಿನ ಹಿಂದಿನ ಎರಡೂ ಶಾಕ್ಸ್‌ಗಳ ಪ್ರಿಲೋಡ್ (ಸ್ಪ್ರಿಂಗ್‌ನ ಬಿಗಿ) ಏರಿಸಿ, ಎರಡೂ ಬದಿ ಒಂದೇ ಹಂತದಲ್ಲಿರಲಿ. ಒಬ್ಬರೇ ಓಡಿಸುವಾಗ ಮರೆಯದೆ ಇಳಿಸಿ. ಇಲ್ಲದಿದ್ದರೆ ಬೆನ್ನುಮೂಳೆಯ ಬುಡಕ್ಕೆ ಪ್ರತಿ ಗುಂಡಿಯೂ ನೇರ ಏಟು.

ಗುಂಡಿಗಳಿಗೂ ಇದೇ ಮಾತು. ಹಿಮಾಲಯನ್ ಮೇಲೆ ಮೊಣಕಾಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಣ್ಣು ಮಾಡಬೇಕು. 21 ಇಂಚಿನ ಕಡ್ಡಿ ಚಕ್ರ ಗುಂಡಿಯ ಅಂಚನ್ನು ಹತ್ತಿ ಇಳಿಯುತ್ತದೆ. ಇಲ್ಲಿರುವ ಮುಂದೆ 19, ಹಿಂದೆ 16 ಇಂಚಿನ ಅಲಾಯ್ ಚಕ್ರ ಅಂಚಿಗೆ ಜೋರಾಗಿ ಬಡಿದರೆ ಸೊಟ್ಟಗಾಗಬಹುದು, ಸೀಳು ಬಿಡಬಹುದು. ಆಗ ಟ್ಯೂಬ್‌ಲೆಸ್ ಟೈರ್ ಗಾಳಿ ಹಿಡಿಯುವುದಿಲ್ಲ. ಮಣ್ಣಿನ ರಸ್ತೆ ಬಂತೆಂದು ಗಾಳಿ ಕಡಿಮೆ ಮಾಡುವ ಡ್ಯುಯಲ್ ಸ್ಪೋರ್ಟ್ ಪದ್ಧತಿಯನ್ನು ಇಲ್ಲಿ ಖಂಡಿತ ಮಾಡಬೇಡಿ, ರಿಮ್‌ಗೆ ಏಟು ಬೀಳುವುದು ಆಗಲೇ. ಲಾಭವೂ ಇದೆ. ಹಿಮಾಲಯನ್ 411ಕ್ಕೆ ಮೊಳೆ ಚುಚ್ಚಿದರೆ ಚಕ್ರ ಬಿಚ್ಚಿ ಟ್ಯೂಬ್ ಎಳೆಯಬೇಕು. ಇದಕ್ಕೆ ಒಂದು ಪ್ಲಗ್ ಕಿಟ್, ಚಿಕ್ಕ ಪಂಪ್ ಇದ್ದರೆ ರಸ್ತೆ ಬದಿಯಲ್ಲೇ ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ.

ತೂಕ 241 ಕೆ.ಜಿ., ಹಿಮಾಲಯನ್‌ಗಿಂತ 42 ಕೆ.ಜಿ. ಜಾಸ್ತಿ. ಓಡುವಾಗ ಗೊತ್ತೇ ಆಗದು, ಯಾಕೆಂದರೆ ಭಾರವೆಲ್ಲ ಕೆಳಗಿದೆ. ಗೊತ್ತಾಗುವುದು ನಿಲ್ಲಿಸಿದಾಗ. ಗೋಡೆಗೆ ಮುಖ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿಬಿಟ್ಟರೆ ಹಿಂದಕ್ಕೆ, ಏರಿಗೆ ತಳ್ಳುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಮುಂದಿನ ಚಕ್ರ ಏರಿನ ಕಡೆಗಿರಲಿ, ಮೊದಲ ಗೇರಿನಲ್ಲಿರಲಿ. ಹೊರಡುವಾಗ ಕ್ಲಚ್ ಹಿಡಿದರೆ ತಾನಾಗಿ ಹಿಂದೆ ಉರುಳಿ ಬರುತ್ತದೆ. ಮಳೆಗಾಲದ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲೋ ಹಲಗೆ ತುಂಡೋ ಇಡಿ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಂಥ ಕಡೆ ಹಳೆಯ ಅಭ್ಯಾಸ ಇನ್ನೊಮ್ಮೆ ಕೈಕೊಡುತ್ತದೆ. ಡ್ಯುಯಲ್ ಸ್ಪೋರ್ಟ್ ಸವಾರ ನಿಧಾನದ ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಬಾಗಿಸಿ ಮೈಯನ್ನು ಹೊರಕ್ಕೆ ಇಡುತ್ತಾನೆ. ಬಟ್ಟಲಿನಂಥ ಈ ಸೀಟು ಅಷ್ಟು ಜಾರಲು ಬಿಡುವುದಿಲ್ಲ, ಹೆಚ್ಚು ಬಾಗಿಸಿದರೆ ಫುಟ್‌ರೆಸ್ಟ್ ರಸ್ತೆಗೆ ಉಜ್ಜುತ್ತದೆ. ಅತಿ ಇಕ್ಕಟ್ಟು ಎಡ ತಿರುವುಗಳು, ಏಕೆಂದರೆ ನಮ್ಮ ಪಥ ಅಲ್ಲಿ ಒಳಬದಿಯದು. ತಿರುವಿಗೆ ಮುನ್ನವೇ ವೇಗ ಇಳಿಸಿ, ಎದುರು ವಾಹನವಿಲ್ಲದಿದ್ದರೆ ನಿಮ್ಮ ಪಥದ ಹೊರ ಅಂಚಿನಿಂದ ಒಳಸೇರಿ, ಆಕ್ಸಿಲರೇಟರ್ ಸ್ಥಿರವಾಗಿಟ್ಟು ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಇರಿ, ಕಣ್ಣು ತಿರುವಿನ ಕೊನೆಯಲ್ಲಿರಲಿ. ಹಿಮಾಲಯನ್‌ನಲ್ಲಿ ಸಹಾಯಕ್ಕಷ್ಟೇ ಇದ್ದ ಹಿಂದಿನ ಬ್ರೇಕ್ ಇಲ್ಲಿ ನಿಜವಾಗಿಯೂ ದುಡಿಯುತ್ತದೆ: ಸವಾರನ ಭಾರ ಹಿಂದಿದೆ, ಡಿಸ್ಕ್ 300 ಮಿ.ಮೀ. ಇದೆ. ಆದರೆ ಹಿಂದಿನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸೌಲಭ್ಯವಿಲ್ಲ. ಜಲ್ಲಿ ಹಾಕಿದ ಇಳಿಜಾರಿನಲ್ಲಿ ನಿಲ್ಲುವ ದೂರ ಉದ್ದವಾಗುತ್ತದೆ, ಮೊದಲ ಗೇರಿನಲ್ಲಿ ಎಂಜಿನ್‌ನ ತಡೆಯನ್ನೇ ನಂಬಿ ಇಳಿಯಿರಿ.

ಚಿಕ್ಕಪುಟ್ಟ ವಿಷಯಗಳು. ಗಡುಸಾದ ಆಫ್‌ರೋಡ್ ಬೂಟು ಹಾಕಿದರೆ ಗೇರ್ ಲಿವರ್ ಕೆಳಗೆ ಬೆರಳು ತೂರುವುದು ಕಷ್ಟ, ಮೃದುವಾದ ಟೂರಿಂಗ್ ಬೂಟು ಸಾಕು. ಸೈಲೆನ್ಸರ್ ಎರಡೂ ಬದಿಗಿದೆ, ಬ್ಯಾಗನ್ನು ದೂರ ಹಿಡಿಯುವ ಸ್ಟೇ ಹಾಕಿಸದೆ ಬಟ್ಟೆಯ ಬ್ಯಾಗ್ ಇಳಿಬಿಟ್ಟರೆ ಸುಟ್ಟುಹೋಗುತ್ತದೆ. ಕಾಲು ಮುಂದೆ, ಕೈ ಅಗಲ, ಎದೆ ಗಾಳಿಗೆ ಎದುರು. ಹಾಗಾಗಿ ದೂರದ ಪ್ರಯಾಣಕ್ಕೆ ವಿಂಡ್‌ಸ್ಕ್ರೀನ್ ಬೇಕೇ ಬೇಕು. ಅದು, ಟೂರಿಂಗ್ ಸೀಟು, ಹಿಂಬದಿಯವರಿಗೆ ಬೆನ್ನಾಸರೆ ಮೂರೂ ಸೆಲೆಸ್ಟಿಯಲ್ ಮಾದರಿಯ ಜೊತೆ ಬರುತ್ತವೆ. 2023ರ ಜನವರಿಯಲ್ಲಿ ಬಿಡುಗಡೆಯಾದಾಗ ಆರಂಭಿಕ ಮಾದರಿ ಆಸ್ಟ್ರಲ್‌ಗೆ 3.49 ಲಕ್ಷ, ಸೆಲೆಸ್ಟಿಯಲ್‌ಗೆ 3.79 ಲಕ್ಷ ಎಕ್ಸ್‌ಶೋರೂಮ್ ಬೆಲೆಯಿತ್ತು. ಆ 30 ಸಾವಿರದ ಹೆಚ್ಚುವರಿಗೆ ತಕ್ಕ ಬೆಲೆಯಿದೆ ಎಂಬುದೇ ನನ್ನ ಅಭಿಪ್ರಾಯ. ಟ್ಯಾಂಕ್ 15.7 ಲೀಟರ್; ಲೀಟರಿಗೆ 25 ಕಿ.ಮೀ. ಲೆಕ್ಕ ಹಿಡಿದರೂ 300 ಕಿ.ಮೀ.ಗೆ ಬಂಕ್ ಹುಡುಕುವುದು ಕ್ಷೇಮ.

ಮನೆಗೋ ತೋಟಕ್ಕೋ ಹೋಗುವ ಕೊನೆಯ ಒಂದೆರಡು ಕಿಲೋಮೀಟರ್ ಕಚ್ಚಾ ರಸ್ತೆಯಾಗಿದ್ದರೆ ಸೂಪರ್ ಮೀಟಿಯರ್ ಬೇಡ. ಕ್ರೂಸರ್ ಬೇಕೇ ಎಂದಾದರೆ ಮೀಟಿಯರ್ 350 ನೋಡಿ: 191 ಕೆ.ಜಿ., ಹೊಟ್ಟೆಯ ಕೆಳಗೆ 170 ಮಿ.ಮೀ. 20 ಬಿಎಚ್‌ಪಿ ಮಾತ್ರ, ಹೆದ್ದಾರಿಯಲ್ಲಿ ಹಿಮಾಲಯನ್‌ಗಿಂತಲೂ ನಿಧಾನ, ಆದರೆ ಹಳ್ಳಿಯ ಹಂಪ್‌ಗೆ ಇಷ್ಟು ಹೆದರಬೇಕಾಗಿಲ್ಲ.

ಟೆಸ್ಟ್ ರೈಡ್‌ಗೆ ಹೋದಾಗ ಶೋರೂಮಿನ ಸುತ್ತ ಒಂದು ಸುತ್ತು ಹಾಕಿ ಒಪ್ಪಿಕೊಳ್ಳಬೇಡಿ. ಅರ್ಧ ಗಂಟೆ ಕೇಳಿ. ಒಂದು ಎತ್ತರದ ಹಂಪ್, ಒಂದು ಯೂ-ಟರ್ನ್, ಒಂದು ಕಿತ್ತುಹೋದ ರಸ್ತೆ, 80ರಲ್ಲಿ ಓಡಿಸಬಹುದಾದ ಒಂದು ನೇರ ದಾರಿ, ಇವು ನಾಲ್ಕೂ ಇರುವ ಮಾರ್ಗ ಆರಿಸಿಕೊಳ್ಳಿ. ದಿನವೂ ಹಿಂದೆ ಕೂರುವವರನ್ನೂ ಕರೆದೊಯ್ಯಿರಿ, ಹೊರಡುವ ಮೊದಲು ಪ್ರಿಲೋಡ್ ಏರಿಸಿಕೊಡುವಂತೆ ಮೆಕ್ಯಾನಿಕ್‌ಗೆ ಹೇಳಿ.