ಲಡ್ಲೋದಲ್ಲಿ ಎಲ್ಲಿ ಉಳಿಯೋದು? ಮೂರು ಸಲ ಹೋಗಿ ಮೂರು ಥರ ಉಳಿದು ನೋಡಿದ್ದೇವೆ

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನಮಗೆ ಲಡ್ಲೋ ದೂರವೇನಲ್ಲ. ನ್ಯೂ ಸ್ಟ್ರೀಟ್‌ನಲ್ಲಿ ರೈಲು ಹತ್ತಿ ಶ್ರೂಸ್‌ಬರಿಯಲ್ಲಿ ಬದಲಾಯಿಸಿದರೆ, ಅಲ್ಲಿಂದ ಇನ್ನು ಅರ್ಧ ಗಂಟೆ. ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಈ ಹಳೇ ಸಂತೆ ಊರು ನಮಗೆ ಎಷ್ಟು ಹಿಡಿಸಿತು ಅಂದರೆ ಎರಡು ವರ್ಷದಲ್ಲಿ ಮೂರು ಸಲ ಹೋದೆವು, ಮೂರು ಸಲವೂ ಬೇರೆ ಬೇರೆ ಥರದ ಜಾಗದಲ್ಲಿ ಉಳಿದೆವು. ಹೋಗುವವರು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಸಲ ನಾನು, ನನ್ನ ಗಂಡ ಇಬ್ಬರೇ. ಊರೊಳಗೇ ಕುದುರೆ ಗಾಡಿಗಳ ಕಾಲದ ಒಂದು ಹಳೇ ಇನ್‌ನಲ್ಲಿ, ಅಂದರೆ ಪ್ರಯಾಣಿಕರ ತಂಗುಮನೆಯಲ್ಲಿ, ಎರಡು ರಾತ್ರಿ. ಕಪ್ಪು ಓಕ್ ತೊಲೆಗಳು, ಬಿಳಿ ಗೋಡೆ, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಬಾಗಿಲು. ಕೋಣೆಯ ನೆಲ ಎಷ್ಟು ಓರೆ ಇತ್ತು ಅಂದರೆ, ಕೈಜಾರಿದ ಲಿಪ್‌ಬಾಮ್ ಡಬ್ಬಿ ಉರುಳುತ್ತಾ ಹೋಗಿ ಕಿಟಕಿ ಕೆಳಗೆ ನಿಂತಿತು. ನನಗೆ ಅದೇ ಖುಷಿ! ಆದರೆ ಕೆಳಗಡೆ ಬಾರ್, ಶನಿವಾರ ರಾತ್ರಿ ಹನ್ನೆರಡರ ತನಕ ಸದ್ದು. ಲಿಫ್ಟ್ ಇಲ್ಲ, ಕಿರಿದಾದ ಮೆಟ್ಟಿಲಲ್ಲಿ ಸೂಟ್‌ಕೇಸ್ ಹೊತ್ತೇ ಹತ್ತಬೇಕು. ಬೆಳಗಿನ ತಿಂಡಿ ದುಡ್ಡಿನಲ್ಲೇ ಸೇರಿತ್ತು, ನಿಜ. ಆದರೆ ಮಾಂಸ ತಿನ್ನದ ನಮಗೆ ಎರಡೂ ದಿನ ಅದೇ ಅಣಬೆ, ಬೀನ್ಸ್, ಟೋಸ್ಟ್. ಒಂದೋ ಎರಡೋ ರಾತ್ರಿಗೆ, ಇಬ್ಬರೇ ಇದ್ದರೆ, ಕಾರಿಲ್ಲದಿದ್ದರೆ ಇದು ಸರಿ. ಬಾಗಿಲು ತೆರೆದರೆ ಸಾಕು, ಊರೇ ಎದುರಿಗಿರುತ್ತದೆ. 1619ರ ಫೆದರ್ಸ್ ಕಟ್ಟಡದ ಮರದ ಕೆತ್ತನೆಯನ್ನು ಜನ ಇಲ್ಲದ ಬೆಳಗಿನ ಹೊತ್ತಲ್ಲಿ ನಿಂತು ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡನೇ ಸಲ ಊರ ಹೊರಗೆ, ಕ್ಲೀ ಬೆಟ್ಟದ ಕಡೆ ಒಂದು ಹೊಲಮನೆಯ ಬಿ ಅಂಡ್ ಬಿ, ಅಂದರೆ ರಾತ್ರಿ ಕೋಣೆ, ಬೆಳಿಗ್ಗೆ ತಿಂಡಿ. ಏಪ್ರಿಲ್ ತಿಂಗಳು, ಕಿಟಕಿ ತೆರೆದರೆ ಕುರಿಮರಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಿದ್ದೆಗೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ. ಕಾರಿದ್ದಿದ್ದರಿಂದ ಹದಿಮೂರನೇ ಶತಮಾನದ ಸ್ಟೋಕ್ಸೇ ಕ್ಯಾಸಲ್‌ಗೂ ಹೋಗಿ ಬಂದೆವು. ಆದರೆ ಸಂಜೆ ಊಟಕ್ಕೆ ಪ್ರತಿ ಸಲ ಕಾರು ತೆಗೆಯಬೇಕು, ಕತ್ತಲಲ್ಲಿ ಒಂದೇ ಗಾಡಿ ಹೋಗುವಷ್ಟು ಸಣ್ಣ ರಸ್ತೆ, ಎದುರಿಗೆ ಇನ್ನೊಂದು ಗಾಡಿ ಬಂದರೆ ಹಿಂದಕ್ಕೆ ಹೋಗಬೇಕು. ನಾವಿದ್ದ ಹಳ್ಳಿಗೆ ಭಾನುವಾರ ಬಸ್ಸೇ ಇರಲಿಲ್ಲ. ಲಡ್ಲೋ ನೋಡಲು ಹೋಗಿ ಲಡ್ಲೋದಲ್ಲಿ ಕಳೆದದ್ದು ಕಡಿಮೆ ಅನಿಸಿತು.

ಮೂರನೇ ಸಲ ಹಾಸನದಿಂದ ಅಪ್ಪ ಅಮ್ಮ ಬಂದಿದ್ದರು. ಮೇ ತಿಂಗಳು. ಅಡುಗೆಮನೆ ಇರುವ ಒಂದು ಸಣ್ಣ ಮನೆಯನ್ನೇ ಬಾಡಿಗೆಗೆ ಹಿಡಿದೆವು. ಇಂಥ ಮನೆಗಳನ್ನು ಸಾಮಾನ್ಯವಾಗಿ ಶುಕ್ರವಾರದಿಂದ ಸೋಮವಾರ, ಇಲ್ಲವೇ ಸೋಮವಾರದಿಂದ ಶುಕ್ರವಾರದ ಲೆಕ್ಕದಲ್ಲೇ ಕೊಡುತ್ತಾರೆ, ಒಂದು ರಾತ್ರಿಗೆ ಸಿಗೋದು ಕಷ್ಟ. ನಾವು ಶುಕ್ರವಾರ ಹೋದೆವು, ಬೇಕಂತಲೇ. ಯಾಕೆಂದರೆ ಕೋಟೆ ಮುಂದಿನ ಚೌಕ ಕ್ಯಾಸಲ್ ಸ್ಕ್ವೇರ್‌ನ ಸಂತೆ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ. ಅಲ್ಲಿಗೆ ಹೋಗುವವರು ಮೊದಲು ಸಂತೆ ದಿನ ನೋಡಿ, ಆಮೇಲೆ ಮನೆ ಬುಕ್ ಮಾಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಶನಿವಾರ ಬೆಳಿಗ್ಗೆ ಅಮ್ಮ ಚೀಲ ಹಿಡಿದು ಹೊರಟೇಬಿಟ್ಟರು. ಚೀಸ್ ಅಂಗಡಿಯವರ ಹತ್ತಿರ, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿದ್ದೀರಾ ಅಂತ ನನ್ನ ಮೂಲಕ ಕೇಳಿಸಿದರು. ಅವರು ಬೇಜಾರಿಲ್ಲದೆ ಒಂದೊಂದನ್ನೇ ತೋರಿಸಿ, ಇದಕ್ಕೆ ಹಾಕಿದೆ, ಇದಕ್ಕಿಲ್ಲ ಅಂತ ಹೇಳಿದರು. ಆಸ್ಪರಾಗಸ್ ಕಾಲ ಅದು. ಅಮ್ಮ ಅದನ್ನು ಹುರುಳಿಕಾಯಿ ಹಾಗೆ ಸಣ್ಣಗೆ ಹೆಚ್ಚಿ, ಸಾಸಿವೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರು, ಬುಡದ ಗಟ್ಟಿ ತುಂಡುಗಳನ್ನು ಬೇಯಿಸಿ ಸಾರಿಗೆ ಹಾಕಿದರು. ಅಕ್ಕಿ, ಬೇಳೆ, ಸಾರಿನಪುಡಿ ಮನೆಯಿಂದ ಒಯ್ದಿದ್ದೆವು. ಇನ್‌ನಲ್ಲಿ ಎರಡು ಕೋಣೆ ಹಿಡಿದು ಹೊರಗಡೆ ತಿನ್ನುವುದಕ್ಕಿಂತ ನಾಲ್ಕು ಜನಕ್ಕೆ ಇದೇ ಕಡಿಮೆ ಬಿತ್ತು.

ತೊಂದರೆ ಇರಲಿಲ್ಲ ಅಂತಲ್ಲ. ಒಲೆ ಇಂಡಕ್ಷನ್, ನಾವು ಒಯ್ದದ್ದು ಅಲ್ಯುಮಿನಿಯಂ ಕುಕ್ಕರ್. ಅಯಸ್ಕಾಂತ ಅಂಟದ ತಳವಾದ್ದರಿಂದ ಅದು ಬಿಸಿಯೇ ಆಗಲಿಲ್ಲ, ಬೇಳೆಯನ್ನು ಪಾತ್ರೆಯಲ್ಲೇ ಮುಕ್ಕಾಲು ಗಂಟೆ ಬೇಯಿಸಿದೆವು. ಇನ್ನೊಂದು ತಪ್ಪು ನನ್ನದೇ, ನಕ್ಷೆಯಲ್ಲಿ ದೂರ ನೋಡಿದೆ, ಏರು ನೋಡಲಿಲ್ಲ. ಮನೆ ಇದ್ದದ್ದು ಬ್ರಾಡ್‌ಗೇಟ್‌ನ ಕೆಳಗೆ, ಟೀಮ್ ನದಿಯ ಕಡೆ. ಊರ ಸುತ್ತಿನ ಗೋಡೆಯ ಏಳು ಹಳೇ ಬಾಗಿಲುಗಳಲ್ಲಿ ಉಳಿದಿರುವುದು ಅದೊಂದೇ, ಅದರಡಿ ದಿನಾ ನಡೆದು ಹೋಗುವುದು ಚಂದವೇ. ಆದರೆ ಅಲ್ಲಿಂದ ಬೀದಿಯ ಮೇಲ್ತುದಿಯ ಬಟರ್‌ಕ್ರಾಸ್ ಕಟ್ಟಡದ ತನಕ ಬ್ರಾಡ್ ಸ್ಟ್ರೀಟ್ ಪೂರ್ತಿ ಏರು. ಅಪ್ಪನ ಮಂಡಿಗೆ ಅದು ಸುಮ್ನೆ ಶಿಕ್ಷೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಮನೆಗಳನ್ನು ನೋಡುವವರ ಹಾಗೆ ನಿಲ್ಲುತ್ತಿದ್ದರು, ನನಗೆ ಗೊತ್ತಾಗುತ್ತಿತ್ತು.

ಲಡ್ಲೋ ಕೋಟೆಗೆ ಮಾತ್ರ ಅವರು ಎರಡು ಸಲ ಬಂದರು. ಹನ್ನೊಂದನೇ ಶತಮಾನದ ಕೊನೆಯಲ್ಲಿ ಶುರುವಾದ ಕಟ್ಟಡ ಅದು. ಇಂಗ್ಲೆಂಡಿನ ರಾಜ ಏಳನೇ ಹೆನ್ರಿಯ ಹಿರಿಯ ಮಗ ಆರ್ಥರ್ 1502ರಲ್ಲಿ ತೀರಿಕೊಂಡದ್ದು ಇಲ್ಲೇ, ಅವನ ಹೆಂಡತಿ ಕ್ಯಾಥರೀನಳನ್ನು ಆಮೇಲೆ ತಮ್ಮ ಎಂಟನೇ ಹೆನ್ರಿ ಮದುವೆಯಾದ. ಅಲ್ಲಿನ ದುಂಡಗಿನ ಪ್ರಾರ್ಥನಾ ಮಂದಿರಕ್ಕೆ ಚಾವಣಿ ಇಲ್ಲ. ಅಪ್ಪ ಒಳಗೆ ಹೋಗಿ, ಗೋಡೆಯ ಕಮಾನುಗಳ ಮೇಲೆ ಕೈಯಿಟ್ಟು, ಪೂರ್ತಿ ಒಂದು ಸುತ್ತು ಬಂದರು.

ನನ್ನ ಆಯ್ಕೆ ಕೇಳಿದರೆ ಅಡುಗೆಮನೆ ಇರುವ ಮನೆಯೇ, ಆದರೆ ಕೋಟೆ ಪಕ್ಕದ ಮೇಲಿನ ಭಾಗದಲ್ಲಿ. ಕಾರಿದ್ದರೆ ನಿಲ್ಲಿಸಲು ಎಲ್ಲಿ ಜಾಗ ಅಂತ ಬುಕ್ ಮಾಡುವ ಮೊದಲೇ ಕೇಳಿ, ಹಳೇ ಬೀದಿಗಳಲ್ಲಿ ಜಾಗ ಕಮ್ಮಿ. ಸೆಪ್ಟೆಂಬರ್‌ನಲ್ಲಿ ಕೋಟೆಯೊಳಗೆ ಆಹಾರ ಮೇಳ ಇರುತ್ತದೆ, 1995ರಿಂದ ಶುರುವಾದದ್ದು. ಆ ವಾರಕ್ಕೆ ಹೋಗುವುದಾದರೆ ಬೇಗ ಹಿಡಿಯಿರಿ. ನಾವು ಮುಂದಿನ ಸಲಕ್ಕೆ ಸ್ಟೀಲ್ ಕುಕ್ಕರ್ ತಂದಿಟ್ಟಿದ್ದೇವೆ, ತಳಕ್ಕೆ ಅಯಸ್ಕಾಂತ ಅಂಟುತ್ತದಾ ಅಂತ ಅಂಗಡಿಯಲ್ಲೇ ಹಿಡಿದು ನೋಡಿ.